ಕೈಯಿಂದ ಕೊಟ್ಟ ಉಸಿರು

1952ರ ಬೇಸಿಗೆಯ ಕೊನೆಗೆ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಭುಗಿಲೆದ್ದಿತು. ಸಾಂಕ್ರಾಮಿಕ ರೋಗಗಳ ಬ್ಲೆಗ್‌ಡಾಮ್ ಆಸ್ಪತ್ರೆಗೆ ಕೆಲವು ದಿನ ಐವತ್ತರಷ್ಟು ರೋಗಿಗಳು ಬಂದದ್ದೂ ಉಂಟು. ಬಹಳಷ್ಟು ಮಂದಿ ಮಕ್ಕಳು. ಉಸಿರಾಡಲು, ನುಂಗಲು ಆಗದವರಿಗೆಂದು ಅಲ್ಲಿದ್ದದ್ದು ರೋಗಿಯನ್ನು ಒಳಗಿರಿಸಿ ಉಸಿರಾಡಿಸುವ ಯಂತ್ರವಾದ 'ಕಬ್ಬಿಣದ ಶ್ವಾಸಕೋಶ' ಒಂದೇ ಒಂದು, ಅದೇ ಕೆಲಸಕ್ಕೆ ಎದೆಗೆ ಕಟ್ಟುವ ಆರು ಕವಚಗಳು. ಮೊದಲ ಮೂರು ವಾರಗಳಲ್ಲಿ ಇವುಗಳ ಆಸರೆ ಪಡೆದ 31 ಜನರಲ್ಲಿ 27 ಜನ ತೀರಿಕೊಂಡರು.

ಮುಖ್ಯ ವೈದ್ಯ ಲಾಸೆನ್ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರನ್ನು ಕರೆಸಿದರು. ಅರಿವಳಿಕೆಯವರೆಂದರೆ ಆಪರೇಷನ್ ಥಿಯೇಟರಿನವರು ಎಂದಷ್ಟೇ ತಿಳಿದಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ರೋಗಿಗಳ ರಕ್ತದಲ್ಲಿ ಬೈಕಾರ್ಬನೇಟ್ ಏರಿತ್ತು. ಕ್ಷಾರ ಹೆಚ್ಚಾಗಿದೆ ಎಂದು ವೈದ್ಯರು ಭಾವಿಸಿದ್ದರು. ಹಾಗಲ್ಲ, ಉಸಿರು ಸಾಲದೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುತ್ತಿದೆ ಎಂದರು ಇಬ್ಸೆನ್. ಇಡೀ ಕಥೆ ತಿರುಗಿದ್ದು ಈ ಒಂದು ಮಾತಿನಿಂದ ಎಂದೇ ನನಗನ್ನಿಸುತ್ತದೆ.

ಆಗಸ್ಟ್ 27ರಂದು, ಉಸಿರು ಕಟ್ಟಿ ಸಾಯುವಂತಿದ್ದ 12 ವರ್ಷದ ಹುಡುಗಿಯೊಬ್ಬಳ ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆ ಇಳಿಸಿದರು. ಅದಕ್ಕೆ ಜೋಡಿಸಿದ ರಬ್ಬರ್ ಚೀಲ ಒತ್ತಿದರೆ ಗಾಳಿ ಒಳಗೆ ಹೋಗಲೊಲ್ಲದು. ಶ್ವಾಸನಾಳಗಳು ಬಿಗಿದುಕೊಂಡಿದ್ದವು, ಹುಡುಗಿ ಒದ್ದಾಡುತ್ತಿದ್ದಳು. ನೋಡಲು ನೆರೆದಿದ್ದ ವೈದ್ಯರಲ್ಲಿ ಕೆಲವರು ಆಸೆ ಬಿಟ್ಟು ಹೊರನಡೆದರು. ಇಬ್ಸೆನ್ ಥಯೋಪೆಂಟಾಲ್ ಎಂಬ ಅರಿವಳಿಕೆ ಮದ್ದು ಕೊಟ್ಟರು. ಮೈ ಸಡಿಲವಾಯಿತು, ಎದೆ ಉಬ್ಬಿತು. ಆಕೆ ಬದುಕಿದಳು.

ದಾರಿಯೇನೋ ಸಿಕ್ಕಿತು. ಆದರೆ ಹಗಲೂ ರಾತ್ರಿ ಚೀಲ ಒತ್ತುವವರು ಯಾರು? ಯಂತ್ರಗಳಿಗೆ ಕಾದು ಕೂರುವಂತಿರಲಿಲ್ಲ. ಊರಿನ ವೈದ್ಯಕೀಯ, ದಂತವೈದ್ಯಕೀಯ ವಿದ್ಯಾರ್ಥಿಗಳು ಬಂದರು. ಸುಮಾರು 1,500 ಮಂದಿ ಪಾಳಿಯ ಮೇಲೆ ಒಟ್ಟು 1,65,000 ಗಂಟೆ ದುಡಿದರು. ಒಂದು ಹಂತದಲ್ಲಿ ಏಕಕಾಲಕ್ಕೆ 70ಕ್ಕೂ ಹೆಚ್ಚು ರೋಗಿಗಳು ಹೀಗೆ ಪರರ ಕೈಯಿಂದಲೇ ಉಸಿರಾಡುತ್ತಿದ್ದರು. ಇಪ್ಪತ್ತರ ಹರೆಯದವರು ಮಗುವೊಂದರ ತಲೆಯ ಬಳಿ ಕೂತು, ಮುಖ ನೋಡುತ್ತಾ, ಒತ್ತು, ಬಿಡು, ಮತ್ತೆ ಒತ್ತು ಎಂದು ಗಂಟೆಗಟ್ಟಲೆ ಕಳೆದರು. ಆರೈಕೆ ಮಾಡುತ್ತಿದ್ದ ಮಗು ಕಣ್ಣೆದುರೇ ಹೋದಾಗಲೂ ಮತ್ತೊಂದು ಹಾಸಿಗೆಯ ಪಕ್ಕ ಕೂರಬೇಕಿತ್ತು. ವೈದ್ಯಕೀಯ ಚರಿತ್ರೆಯಲ್ಲಿ ಈ ವಿದ್ಯಾರ್ಥಿಗಳ ಹೆಸರು ಹೆಚ್ಚಾಗಿ ಕಾಣುವುದಿಲ್ಲ. ಕಾಣಬೇಕಿತ್ತು.

ಇಂಥ ರೋಗಿಗಳಲ್ಲಿ ನೂರಕ್ಕೆ 87ರಷ್ಟಿದ್ದ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಉಸಿರು ಕಾಯುವ ಕೆಲಸವನ್ನು ಒಂದೇ ಕಡೆ, ತರಬೇತಾದವರ ಕೈಯಲ್ಲಿ, ಇಪ್ಪತ್ನಾಲ್ಕು ಗಂಟೆಯೂ ನಡೆಸಬೇಕೆಂಬುದು ಇಬ್ಸೆನ್‌ಗೆ ಮನದಟ್ಟಾಗಿತ್ತು. 1953ರಲ್ಲಿ ಕೋಪನ್‌ಹೇಗನ್ನಿನ ನಗರಸಭೆ ಆಸ್ಪತ್ರೆಯಲ್ಲಿ ಅಂಥದೊಂದು ವಾರ್ಡ್ ತೆರೆದರು. ನಾವು ಐಸಿಯು ಎನ್ನುವುದರ ಮೊದಲ ಮಾದರಿಗಳಲ್ಲಿ ಅದೂ ಒಂದು. ಪೋಲಿಯೊ ಅಲ್ಲದ ರೋಗಿಗಳಿಗೂ ಅಲ್ಲಿ ಹಾಸಿಗೆ ಇತ್ತು.