ಬಾಂಡ್ಲಿಯೊಳಗಿನ ಗಾಜು

ಮೂರನೇ ವರ್ಷದ ಬಿಇ ಸಿವಿಲ್ ಪರೀಕ್ಷೆ ಮುಗಿಸಿ ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್‌ಗೆ ಸೇರಿದ್ದೆ. ಮೊದಲ ಕೆಲಸವೇ ಹಳೆಯ ಮನೆಯೊಂದನ್ನು ಕೆಡವುವುದು. ಹೆಲ್ಮೆಟ್, ಸೇಫ್ಟಿ ಶೂ ಹಾಕಿಕೊಂಡು ನೋಟ್‌ಬುಕ್ ಹಿಡಿದು ನಿಲ್ಲುವುದು ನನ್ನ ಪಾಲು. ಮಣ್ಣು ಹೊರುವವರ ಕಾಲಲ್ಲಿ ಹವಾಯಿ ಚಪ್ಪಲಿ.

ಮನೆ ಕೆಡವುವಾಗ ತೇಗದ ಬಾಗಿಲು, ಕಬ್ಬಿಣದ ಸರಳು, ಇಟ್ಟಿಗೆ ಎಲ್ಲಕ್ಕೂ ಬೆಲೆ ಇದೆ. ಕಿಟಕಿಯ ಹಳೇ ಗಾಜಿಗೆ ಮಾತ್ರ ಇಲ್ಲ. ಹಾಗಾಗಿ ಅದನ್ನು ಬಿಚ್ಚುವ ಗೋಜಿಗೆ ಹೋಗದೆ ಸುತ್ತಿಗೆಯಿಂದ ಒಡೆದು ಚೌಕಟ್ಟು ಕಿತ್ತರು. ಟಫನ್ಡ್ ಗಾಜು ಒಡೆದರೆ ಕಲ್ಲುಸಕ್ಕರೆಯಂಥ ತುಂಡುಗಳಾಗುತ್ತವೆ, ಸಾದಾ ಗಾಜು ಚೂರಿಯಂತೆ ಉದ್ದುದ್ದ ಸೀಳುತ್ತದೆ ಎಂದು ಓದಿದ್ದೆ. ಪರೀಕ್ಷೆಯಲ್ಲಿ ಬರೆಯಬಲ್ಲೆ. ಕಣ್ಣೆದುರೇ ಗಾಜು ಮಣ್ಣಿಗೆ ಬೆರೆಯುವಾಗ ಮಾತ್ರ ಬಾಯಿ ಬಿಡಲಿಲ್ಲ.

ಯಾದಗಿರಿ ಕಡೆಯ ಅಕ್ಕ ಒಬ್ಬರು ಬರಿಗೈಯಲ್ಲೇ ಬಾಂಡ್ಲಿಗೆ ಮಣ್ಣು ಬಳಿಯುತ್ತಿದ್ದರು. ಅಂಗೈ ಕುಯ್ದಿತು. ಗಾಯ ಒಂದಿಂಚೂ ಇರಲಿಲ್ಲ. 'ಏನೂ ಆಗಿಲ್ಲ ಬಿಡ್ರಿ ಸರ' ಎಂದು ಸೆರಗು ಸುತ್ತಿಕೊಂಡರು. ಮೇಸ್ತ್ರಿ ಕಾಫಿ ಪುಡಿ ತರಿಸಿ ಒತ್ತಿಸಿದ. ಆಸ್ಪತ್ರೆಗೆ ಹೋಗಿದ್ದು ಮಾರನೇ ದಿನ, ಉಂಗುರದ ಬೆರಳು ಮಡಚಲು ಬಾರದಾಗ. ಒಳಗೆ ಬೆರಳನ್ನು ಎಳೆಯುವ ಸ್ನಾಯುರಜ್ಜು ತುಂಡಾಗಿತ್ತು.

ಗಾಜಿನ ಗಾಯದ ಮೋಸವೇ ಇದು ಎಂದರು ಡಾಕ್ಟರ್. ಬಾಯಿ ಚಿಕ್ಕದು, ಆಳ ಹೆಚ್ಚು. ಬೆರಳು ಮಡಚುತ್ತದೆಯೇ, ಮುಟ್ಟಿದರೆ ತಿಳಿಯುತ್ತದೆಯೇ ಎಂದು ಕೂಡಲೇ ನೋಡಬೇಕಿತ್ತಂತೆ. ಆಳಕ್ಕೆ ನಾಟಿದ ಚೂರನ್ನು ಕೀಳಬಾರದು, ಅದರ ಸುತ್ತ ಒತ್ತಿ ಹಿಡಿದು ಕರೆದುಕೊಂಡು ಬರಬೇಕು. ಕಾಫಿ ಪುಡಿಯ ಸುದ್ದಿ ಕೇಳಿ ನನ್ನತ್ತ ನೋಡಿದರು. ಎಂಜಿನಿಯರ್ ಎಂದು ಹೇಳಿಕೊಂಡಿದ್ದೆನಲ್ಲ!

ಕಟ್ಟಡ ಕಾರ್ಮಿಕರ ಕಾರ್ಡ್ ಇದೆಯೇ ಎಂದು ಅಕ್ಕನನ್ನು ಕೇಳಿದೆ. ಇರಲಿಲ್ಲ. 1996ರ ಕಾಯ್ದೆಯಲ್ಲಿ ಕಟ್ಟಡ ಕೆಡವುವ ಕೆಲಸವೂ ಸೇರಿತ್ತು. ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದವರು ನೋಂದಾಯಿಸಿಕೊಳ್ಳಬಹುದು. ಅಕ್ಕ ಏಳು ವರ್ಷದಿಂದ ದುಡಿಯುತ್ತಿದ್ದಾರೆ. ಆದರೆ ತಿಂಗಳಿಗೊಬ್ಬ ಮೇಸ್ತ್ರಿ. ಅಷ್ಟು ದಿನ ಕೆಲಸ ಮಾಡಿದ್ದಾರೆಂದು ಬರೆದುಕೊಡುವವರು ಯಾರು?

ಮುಂದಿನ ಮನೆಯಲ್ಲಿ, ಸುತ್ತಿಗೆ ಎತ್ತುವ ಮೊದಲೇ ಗಾಜು ತೆಗೆಯೋಣ ಎಂದು ಹಟ ಹಿಡಿದೆ. ಅಗಲದ ಟೇಪ್ ಅಂಟಿಸಿ, ಪುಟ್ಟಿ ಕೆರೆದು, ಒಂದೊಂದೇ ಬಿಚ್ಚಿ ಡ್ರಮ್ಮಿಗೆ ಹಾಕಿದೆವು. 14 ಕಿಟಕಿಗೆ ಅರ್ಧ ದಿನ ಹಿಡಿಯಿತು. 'ಓದಿದ ಹುಡುಗ್ರು ಬಂದ್ರೆ ಇಷ್ಟೇ' ಎಂದು ಮೇಸ್ತ್ರಿ ಗೊಣಗಿದ. ಅಕ್ಕ ಆ ಕೆಲಸಕ್ಕೆ ಬಂದಿರಲಿಲ್ಲ.