ಮೇಲ್ ಬರ್ತಾ ಇದೆ, ಆದ್ರ ವೈರಸ್ ತಪಾಸಣೆ ನಡೀತಾ ಇದೆಯಾ?

ಇವತ್ತಿನ ವಿಷಯ, ಮೇಲ್ ಸರ್ವರ್‌ನಲ್ಲಿ ಆ್ಯಂಟಿವೈರಸ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು ಅನ್ನೋದು.

ದೇವದುರ್ಗದಾಗ ಇದು ಯಾರಿಗೆ ಬೇಕ್ರಿ ಅನ್ನಬ್ಯಾಡ್ರಿ. ಹತ್ತಿ ವ್ಯಾಪಾರದೋರು, ಅಕ್ಕಿ ಗಿರಣಿಯೋರು, ಜಿಎಸ್‌ಟಿ ರಿಟರ್ನ್ ತುಂಬೋರು, ಯಾರೇ ಆಗಲಿ, ತಮ್ಮದೇ ಹೆಸರಿನ ಮೇಲ್ ಬೇಕಂದ್ರ ಬಾಡಿಗೆಗೆ ಒಂದು ಸಣ್ಣ ಸರ್ವರ್ ಹಿಡೀಬಹುದು. ಅದಕ್ಕ ಪುಕ್ಕಟೆ ಸಿಗೋ ಆ್ಯಂಟಿವೈರಸ್ ಕ್ಲಾಮ್‌ಎವಿ. ಈಗ ಇದನ್ನ ನೋಡಿಕೊಳ್ಳೋದು ಸಿಸ್ಕೋ ಕಂಪನಿ. ‘ಬಿಲ್’ ಅಂತ ಹೆಸರಿಟ್ಟುಕೊಂಡು ಬಂದ ಒಂದು ವೈರಸ್ ಫೈಲ್ ತೆರೆದ್ರ, ಆ ಕಂಪ್ಯೂಟರ್‌ನಲ್ಲಿರೋ ಲೆಕ್ಕಪತ್ರ ಎಲ್ಲಾ ಕಳ್ಳರ ಕೈಗೆ ಹೋಗಬಹುದು.

ಕೆಲಸ ಹೀಂಗ ನಡೀತದ. ಪೋಸ್ಟ್‌ಫಿಕ್ಸ್‌ನಂಥ ತಂತ್ರಾಂಶ ಮೇಲ್ ತಗೊಂಡು ಕ್ಲಾಮ್‌ಎವಿ ಕೈಗೆ ಕೊಡ್ತದ. ಕ್ಲಾಮ್‌ಎವಿ ಅದನ್ನ ಗೊತ್ತಿರೋ ವೈರಸ್‌ಗಳ ಪಟ್ಟಿಗೆ ಹೋಲಿಸಿ ನೋಡ್ತದ. ಆ ಇಡೀ ಪಟ್ಟಿ ಸರ್ವರ್‌ನ ಮೆಮೊರಿಯಲ್ಲೇ ಕೂತಿರ್ತದ.

ಮೊದಲು ನೋಡಬೇಕಾದ್ದು ಇಲ್ಲೇ. ಕನಿಷ್ಠ 3 ಜಿಬಿ ರ‍್ಯಾಮ್ ಬೇಕು ಅಂತ ಕ್ಲಾಮ್‌ಎವಿಯೋರೇ ಹೇಳ್ತಾರ. 2020ರಲ್ಲಿ ಬಂದ 0.103 ಆವೃತ್ತಿಯಿಂದ, ಪಟ್ಟಿ ಅಪ್‌ಡೇಟ್ ಆಗುವಾಗ ಹಳೇದು, ಹೊಸದು ಎರಡೂ ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಇರ್ತಾವ. 1 ಜಿಬಿ ಸರ್ವರ್ ಅಷ್ಟು ಭಾರ ತಾಳಂಗಿಲ್ಲ, ಲಿನಕ್ಸ್ ತಾನೇ ಕ್ಲಾಮ್‌ಎವಿಯನ್ನ ನಿಲ್ಲಿಸಿಬಿಡ್ತದ. ಪರಿಹಾರ ಎರಡು: ರ‍್ಯಾಮ್ ಹೆಚ್ಚಿಸೋದು, ಇಲ್ಲಾ ‘ಕಾನ್‌ಕರೆಂಟ್ ಡೇಟಾಬೇಸ್ ರಿಲೋಡ್’ ಸೆಟ್ಟಿಂಗ್ ಆಫ್ ಮಾಡೋದು. ಆಫ್ ಮಾಡಿದ್ರ, ಹೊಸ ಪಟ್ಟಿ ಲೋಡ್ ಆಗೋತನಕ ತಪಾಸಣೆ ಕಾಯ್ತದ, ಅಷ್ಟೇ.

ಕ್ಲಾಮ್‌ಎವಿ ನಿಂತ ಮೇಲೆ ಮೇಲ್‌ಗಳ ಗತಿ ಏನು? ‘ಆಮೇಲೆ ಕಳಿಸು’ ಅಂತ ಸೆಟ್ಟಿಂಗ್ ಇದ್ರ ಮೇಲ್ ನಿಲ್ತಾವ. ಎಲ್ಲರೂ ಫೋನ್ ಮಾಡ್ತಾರ, ಸಮಸ್ಯೆ ತಕ್ಷಣ ಗೊತ್ತಾಗ್ತದ. ‘ಹಾಗೇ ಒಳಗೆ ಬಿಡು’ ಅಂತ ಇದ್ರ ಒಬ್ಬರೂ ಫೋನ್ ಮಾಡಂಗಿಲ್ಲ. ಮೇಲ್ ಬರ್ತಾನೇ ಇರ್ತಾವ, ವೈರಸ್ ಸಮೇತ. ನನಗ ಭಯ ಆಗೋದು ಈ ಎರಡನೇದ್ದಕ್ಕೇ.

2010ರ ಏಪ್ರಿಲ್ 15ರಿಂದ 0.95ಕ್ಕಿಂತ ಹಳೇ ಕ್ಲಾಮ್‌ಎವಿಗಳು ಕೆಲಸ ನಿಲ್ಲಿಸೋ ಹಂಗ ಅದರ ತಂಡದೋರೇ ಮಾಡಿದ್ರು. ಆರು ತಿಂಗಳು ಮೊದಲೇ ಹೇಳಿದ್ರೂ, ಅಪ್‌ಡೇಟ್ ಮಾಡದ ಸರ್ವರ್‌ಗಳಲ್ಲಿ ಮೇಲ್ ಸಿಕ್ಕಿಹಾಕಿಕೊಂಡ್ವು. ಆದ್ರ ಅಲ್ಲಿ ತೊಂದರೆ ಕಣ್ಣಿಗೆ ಕಂಡಿತು, ಸರಿಪಡಿಸೋಕೆ ದಾರಿ ಸಿಕ್ಕಿತು.

ನಾನು ಬಿ.ಕಾಂ. ಓದಿದವ. ಕ್ಯಾಶ್ ಬುಕ್ಕು, ಬ್ಯಾಂಕ್ ಪಾಸ್‌ಬುಕ್ಕು ತಾಳೆ ನೋಡ್ತೀವಲ್ಲ, ಇಲ್ಲೂ ಅದೇ ಲೆಕ್ಕ. ತಪಾಸಣೆ ಆದ ಮೇಲ್‌ನ ಹೆಡರ್‌ನಲ್ಲಿ ‘ಎಕ್ಸ್-ವೈರಸ್-ಸ್ಕ್ಯಾನ್ಡ್’ ಅನ್ನೋ ಸಾಲು ಬರೋ ಹಂಗ ಸೆಟ್ಟಿಂಗ್ ಮಾಡಿಸಿ, ದಿನಕ್ಕೊಂದು ಮೇಲ್ ತೆರೆದು ನೋಡ್ರಿ. ಸಾಲು ಇಲ್ಲಾಂದ್ರ ತಪಾಸಣೆ ಆಗಿಲ್ಲ ಅಂತ್ಲೇ ಹಿಡೀರಿ.

ಇನ್ನೊಂದು ಪರೀಕ್ಷೆ ‘ಐಕಾರ್’ ಫೈಲ್. ಇದು ಬರೀ 68 ಅಕ್ಷರದ್ದು, ಅಪಾಯ ಏನೂ ಇಲ್ಲ. ಆ್ಯಂಟಿವೈರಸ್ ಎಚ್ಚರ ಇದೆಯಾ ನೋಡಲಿಕ್ಕೆ ಅಂತ್ಲೇ ಮಾಡಿದ್ದು. ತಿಂಗಳಿಗೊಮ್ಮೆ ನಿಮ್ಮ ಸರ್ವರ್‌ಗೆ ಕಳಿಸಿ ನೋಡ್ರಿ. ಅದು ಇನ್‌ಬಾಕ್ಸ್‌ಗೆ ಬಂದು ಕೂತ್ರ, ಸರ್ವರ್ ನೋಡಿಕೊಳ್ಳೋರಿಗೆ ಅವತ್ತೇ ಫೋನ್ ಹಚ್ಚಿರಿ.