ಗುರಿಗೆ ಹೊಡೆಯೋದು ಎಲ್ಲಿ ಕಲಿಯೋದು?

ನಾಯಕನಹಟ್ಟಿ ಜಾತ್ರೆಯಲ್ಲಿ ಬಲೂನಿಗೆ ಹೊಡೆಯದವರು ನಮ್ಮ ಕಡೆ ಸಿಗೋದು ಕಷ್ಟ. ದುಡ್ಡು ಕೊಟ್ಟರೆ ಏರ್‌ಗನ್ನು ಕೈಗೆ ಕೊಡ್ತಾರೆ. ನಾಲ್ಕು ಹೊಡೆದು ಎರಡು ಬಲೂನು ಒಡೆದರೆ ಸಾಕು, ನಾನೂ ಗುರಿಗಾರ ಅಂತ ಮೀಸೆ ತಿರುವಿಕೊಂಡು ಮನೆಗೆ ಬರುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದವನು.

ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸಿನ ಕೇಪಿನ ಕೋವಿ ಒಂದಿತ್ತು. ಅಪ್ಪನ ಕಾಲದ್ದು, ಆಮೇಲೆ ನನ್ನ ಹೆಸರಿಗೆ ಬಂತು. 2011ರಲ್ಲಿ ಶೇಂಗಾ ಕಾಯಿ ಕಟ್ಟುವ ಹೊತ್ತಿನಲ್ಲಿ ಹಂದಿ ಕಾಟ ವಿಪರೀತ. ರಾತ್ರಿ ಸದ್ದು ಮಾಡಿ ಬೆದರಿಸೋಣ ಅಂತ ನಾನೂ ತಮ್ಮನೂ ಅಟ್ಟಣೆ ಮೇಲೆ ಕೂತಿದ್ದೆವು. ಹಂದಿ ಬರಲಿಲ್ಲ. ಬೆಳಗಿನ ಜಾವ ತುಂಬಿದ ಕೋವಿಯನ್ನು ಹಾಗೇ ಹೆಗಲಿಗೆ ಹಾಕಿಕೊಂಡು ಇಳಿಯುವಾಗ ಅದರ ಕುದುರೆ ಅಟ್ಟಣೆಯ ಗಳಕ್ಕೆ ಸಿಕ್ಕಿ ಈಡು ಹಾರಿತು. ಕೆಳಗೆ ತಮ್ಮ ನಿಂತಿದ್ದ. ಬಹುಪಾಲು ಚರೆ ಮಣ್ಣಿಗೆ ಹೋಯಿತು, ಎರಡು ಅವನ ಮೀನಖಂಡಕ್ಕೆ ಹೊಕ್ಕವು. ಆ ವರ್ಷದ ಸುಗ್ಗಿಯೆಲ್ಲ ಅವನು ಕುಂಟಿದ. ಒಂದು ಮೊಳ ಮೇಲೆ ಹೋಗಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ನಿದ್ದೆ ಹತ್ತೋದಿಲ್ಲ.

ತಪ್ಪು ಕೋವಿಯದಲ್ಲ, ನನ್ನದು. ಎತ್ತು ಕಟ್ಟೋಕೆ, ಕೂರಿಗೆ ಹಿಡಿಯೋಕೆ ಅಪ್ಪ ಹೇಳಿಕೊಟ್ಟಿದ್ದ. ಕೋವಿ ಹಿಡಿಯೋದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಕೆಲವು ವರ್ಷದ ಮೇಲೆ ಪೊಲೀಸಿನವರು ನಾಗರಿಕರಿಗೆ ಬಂದೂಕು ತರಬೇತಿ ಕೊಡ್ತಾರೆ ಅಂತ ಪೇಪರಿನಲ್ಲಿ ಓದಿ, ಬಾ ಅಂತ ನನ್ನನ್ನು ಕರೆದುಕೊಂಡು ಹೋದವನು ಅದೇ ತಮ್ಮ. ಅಲ್ಲಿಂದ ಈ ಆಟದ ರುಚಿ ಹತ್ತಿತು. ಈಗ ಅವನ ಮಗಳು ಏರ್ ರೈಫಲ್ ಕಲಿಯುತ್ತಿದ್ದಾಳೆ. ನನ್ನ ಹಾಗೆ ತಿಳಿಯದೆ ಕೋವಿ ಹಿಡಿದವರು, ಮಕ್ಕಳಿಗೆ ಕಲಿಸಬೇಕು ಅನ್ನುವವರು ನಮ್ಮ ಓದುಗರಲ್ಲಿ ಬೇಕಾದಷ್ಟು ಜನ ಇರಬಹುದು. ಅವರಿಗಾಗಿ ನನಗೆ ಗೊತ್ತಿರುವಷ್ಟು ಬರೆಯುತ್ತೇನೆ.

ಇದು ಬೇಟೆ ಅಲ್ಲ

ಮೊದಲು ಇದನ್ನು ತಿಳಿಯಬೇಕು. ಗುರಿ ಆಟ ಬೇರೆ, ಬೇಟೆ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನವಿಲು, ಕೃಷ್ಣಮೃಗಕ್ಕೆ ಹೊಡೆಯೋದು ಅಪರಾಧ. ಬೆಳೆ ರಕ್ಷಣೆ ಲೈಸೆನ್ಸು ಇದೆ ಅಂದ ಮಾತ್ರಕ್ಕೆ ಪ್ರಾಣಿ ಕೊಲ್ಲೋಕೆ ಅಪ್ಪಣೆ ಸಿಕ್ಕ ಹಾಗಲ್ಲ. ಏರ್‌ಗನ್ ಆಟದ ಸಾಮಾನು ಅಂತ ತಿಳಿದು ಹುಡುಗರು ಹಕ್ಕಿಗೆ ಹೊಡೀತಾರೆ. ಅದೂ ತಪ್ಪೇ. ಗುರಿ ಆಟದಲ್ಲಿ ಹೊಡೆಯೋದು ಕಾಗದಕ್ಕೆ, ಇಲ್ಲವೇ ಗಾಳಿಯಲ್ಲಿ ಹಾರಿಸಿದ ಬಿಲ್ಲೆಗೆ.

ಇದರಲ್ಲಿ ಬಗೆಗಳು ಹಲವು. 10 ಮೀಟರಿನ ಏರ್ ರೈಫಲ್, 10 ಮೀಟರಿನ ಏರ್ ಪಿಸ್ತೂಲು, 25 ಮೀಟರಿನ ಪಿಸ್ತೂಲು, 50 ಮೀಟರಿನ ರೈಫಲ್, ಹಾರುವ ಬಿಲ್ಲೆಗೆ ಹೊಡೆಯುವ ಚರೆ ಬಂದೂಕು. ಹೊಸಬರು ಶುರು ಮಾಡಬೇಕಾದದ್ದು 10 ಮೀಟರಿನ ಏರ್ ರೈಫಲ್ ಅಥವಾ ಏರ್ ಪಿಸ್ತೂಲಿನಿಂದ. ಖರ್ಚು ಕಡಿಮೆ, ಸದ್ದು ಕಡಿಮೆ, ಹೆಗಲಿಗೆ ಒದೆತ ಇಲ್ಲ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 10 ಮೀಟರ್ ಏರ್ ರೈಫಲಿನಲ್ಲಿ.

ಹತ್ತು ಮೀಟರು ಅಂದರೆ ನಮ್ಮ ಕಣದ ಈ ಕಡೆಯಿಂದ ಆ ಕಡೆಗೆ. ಇಷ್ಟೇನಾ ಅನ್ನಬೇಡಿ. ರೈಫಲ್ ಗುರಿ ಕಾಗದದ ಕೊನೆಯ ಸುತ್ತು 45.5 ಮಿಲಿಮೀಟರ್ ಅಗಲ. ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ರಾಗಿ ಕಾಳಿಗಿಂತ ಸಣ್ಣದು. ಹಾರುವ ಛರ್ರೆ 4.5 ಮಿಲಿಮೀಟರ್. ಅದರ ಅಂಚು ಯಾವ ಗೆರೆಗೆ ತಾಗುತ್ತದೋ ಆ ಅಂಕ ನಮಗೆ. ಪಂದ್ಯದಲ್ಲಿ ಇಂಥವು 60 ಸಲ ಹೊಡೆಯಬೇಕು. ಪಿಸ್ತೂಲಿಗೆ ಕಾಗದ ದೊಡ್ಡದು, ಹತ್ತರ ಸುತ್ತು 11.5 ಮಿಲಿಮೀಟರ್. ಆದರೆ ಪಿಸ್ತೂಲನ್ನು ಒಂದೇ ಕೈಯಲ್ಲಿ ಚಾಚಿ ಹಿಡಿಯಬೇಕು.

ಜಾಗ ಹುಡುಕುವುದು ಹೇಗೆ

ಹಳ್ಳಿಯವರಿಗೆ ಇದೇ ದೊಡ್ಡ ತೊಡಕು. ನಾನು ಕಂಡುಕೊಂಡ ದಾರಿಗಳು ಇವು.

ಒಂದು, ಪೊಲೀಸರು. ಜಿಲ್ಲಾ ಸಶಸ್ತ್ರ ಮೀಸಲು ಪಡೆಗೆ, ಅಂದರೆ ನಾವು ಡಿ.ಎ.ಆರ್. ಅನ್ನೋದಕ್ಕೆ, ಗುಂಡು ಹೊಡೆಯುವ ಮೈದಾನದ ವ್ಯವಸ್ಥೆ ಇರುತ್ತದೆ. ಕೆಲವು ಜಿಲ್ಲೆಗಳಲ್ಲಿ ಆಗಾಗ ನಾಗರಿಕ ಬಂದೂಕು ತರಬೇತಿಗೆ ಅರ್ಜಿ ಕರೆಯುತ್ತಾರೆ. ಈ ಸುದ್ದಿ ಪೇಪರಿನ ಒಳಪುಟದಲ್ಲಿ ಸಣ್ಣದಾಗಿ ಬರುತ್ತದೆ, ಕಣ್ಣಿಗೆ ಬೀಳೋದಿಲ್ಲ. ಆದ್ದರಿಂದ ಜಿಲ್ಲಾ ಕೇಂದ್ರಕ್ಕೆ ಹೋದಾಗ ಎಸ್.ಪಿ. ಆಫೀಸಿನಲ್ಲೇ ಕೇಳಿ ಬನ್ನಿ.

ಎರಡು, ರಾಜ್ಯ ರೈಫಲ್ ಸಂಸ್ಥೆ. ದೇಶಕ್ಕೆಲ್ಲ ಈ ಆಟ ನೋಡಿಕೊಳ್ಳುವುದು 1951ರಲ್ಲಿ ಶುರುವಾದ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆ. ಅದರ ಕೆಳಗೆ ನಮ್ಮ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಬೆಂಗಳೂರಿನಲ್ಲಿದೆ. ನಮ್ಮ ಜಿಲ್ಲೆಯಲ್ಲಿ, ಪಕ್ಕದ ಜಿಲ್ಲೆಯಲ್ಲಿ ನಿಮಗೆ ಸೇರಿದ ಕ್ಲಬ್ಬು ಯಾವುದಿದೆ ಅಂತ ಅವರನ್ನು ಕೇಳಬಹುದು. ಪಂದ್ಯಕ್ಕೆ ಹೋಗುವ ಆಸೆ ಇದ್ದರೆ ಇಂಥ ಸೇರಿದ ಕ್ಲಬ್ಬಿನಲ್ಲೇ ಕಲಿಯಬೇಕು.

ಮೂರು, ಜಿಲ್ಲಾ ಕ್ರೀಡಾಂಗಣದಲ್ಲಿರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಊರಿನಲ್ಲಿ ಯಾರು ಯಾವ ಆಟ ಕಲಿಸುತ್ತಾರೆ ಅನ್ನೋದು ಅಲ್ಲಿನವರಿಗೆ ತಿಳಿದಿರುತ್ತದೆ.

ನಾಲ್ಕು, ಎನ್.ಸಿ.ಸಿ. ಮಗ, ಮಗಳು ಹೈಸ್ಕೂಲಿಗೋ ಕಾಲೇಜಿಗೋ ಹೋಗುತ್ತಿದ್ದು ಅಲ್ಲಿ ಎನ್.ಸಿ.ಸಿ. ಇದ್ದರೆ ಸೇರಿಸಿ. ಕ್ಯಾಂಪಿನಲ್ಲಿ ರೈಫಲ್ ಹಿಡಿಯೋದು, ಗುರಿಗೆ ಹೊಡೆಯೋದು ಹೇಳಿಕೊಡುತ್ತಾರೆ.

ಕೊಡಗಿನವರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ಅಲ್ಲಿ ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 2021ರಲ್ಲಿ ಹೈಕೋರ್ಟು ಕೂಡ ಅದನ್ನು ಎತ್ತಿಹಿಡಿಯಿತು. ಅದನ್ನು ನೋಡಿ ನಾವು ಬಯಲುಸೀಮೆಯವರು ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡರೆ ಜೈಲು ಕಾಣಬೇಕಾಗುತ್ತದೆ.

ಸೇರುವ ಮೊದಲು ನೋಡಬೇಕಾದ್ದು

ದುಡ್ಡು ಕಟ್ಟುವ ಮೊದಲು ಒಂದು ಗಂಟೆ ಸುಮ್ಮನೆ ಕೂತು ನೋಡಿ. ದನ ಕೊಳ್ಳುವಾಗ ಹಲ್ಲು ನೋಡೋದಿಲ್ಲವೇ, ಹಾಗೆ. ಗುರಿಯ ಹಿಂದೆ ಗಟ್ಟಿ ಗೋಡೆ ಅಥವಾ ಮಣ್ಣಿನ ದಿಬ್ಬ ಇದೆಯೇ? ಎಲ್ಲರೂ ಒಂದೇ ಗೆರೆಯ ಮೇಲೆ ನಿಂತು ಹೊಡೆಯುತ್ತಾರೆಯೇ? ಲೋಡ್, ಸ್ಟಾರ್ಟ್, ಸ್ಟಾಪ್, ಅನ್‌ಲೋಡ್ ಅಂತ ಒಬ್ಬರೇ ಕೂಗಿ ಹೇಳುತ್ತಾರೆಯೇ? ಸ್ಟಾಪ್ ಅಂದ ಕೂಡಲೇ ಎಲ್ಲರ ಕೈಯೂ ನಿಲ್ಲುತ್ತದೆಯೇ? ಯಾರಾದರೂ ಗೆರೆ ದಾಟಿ ಮುಂದೆ ಹೋಗುವಾಗ ಬಂದೂಕು ಕೆಳಗಿರುತ್ತದೆಯೇ? ಇವು ಸರಿ ಇದ್ದರೆ ಸೇರಿ. ನಗುತ್ತಾ, ಹರಟುತ್ತಾ ಬಂದೂಕು ಅತ್ತಿತ್ತ ಆಡಿಸುವ ಜಾಗ ಆದರೆ ಎಷ್ಟೇ ಹತ್ತಿರ ಇದ್ದರೂ ಬೇಡ.

ಕಾನೂನು ಇಷ್ಟು ತಿಳಿದಿರಲಿ

ನಳಿಗೆ 0.177 ಅಳತೆ, ಅಂದರೆ 4.5 ಮಿಲಿಮೀಟರ್ ಮೀರದೆ, ಶಕ್ತಿ 20 ಜೂಲ್ ಮೀರದೆ ಇರುವ ಏರ್‌ಗನ್ನಿಗೆ ಲೈಸೆನ್ಸು ಬೇಡ. ಇದು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇರುವ ಮಾತು. ಕೊಳ್ಳುವಾಗ ಗುರುತಿನ ದಾಖಲೆ ಕೊಡಿ, ರಸೀದಿ ಜೋಪಾನ ಮಾಡಿ. ಇದಕ್ಕಿಂತ ದೊಡ್ಡದಕ್ಕೆ, ಮದ್ದಿನ ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸು ಬೇಕೇ ಬೇಕು. ಲೈಸೆನ್ಸಿಗೆ 21 ವರ್ಷ ತುಂಬಿರಬೇಕು.

ಬೆಳೆ ರಕ್ಷಣೆಗೆ ಕೋವಿ ಕೇಳುವ ರೈತರು ಇನ್ನೊಂದು ಗಮನಿಸಬೇಕು. 2016ರ ನಿಯಮಗಳು ಬಂದ ಮೇಲೆ ಬಂದೂಕನ್ನು ಜೋಪಾನವಾಗಿ ಹಿಡಿಯುವ, ಒಯ್ಯುವ, ಇಡುವ ತರಬೇತಿ ಆಗಿದೆ ಅಂತ ಎಸ್-1 ನಮೂನೆಯ ಪ್ರಮಾಣಪತ್ರ ಕೇಳುತ್ತಾರೆ. ಇದೊಂದು ತಲೆನೋವು ಅಂತ ಗೊಣಗುವವರಿದ್ದಾರೆ. 2011ರಲ್ಲಿ ಇದು ಇದ್ದಿದ್ದರೆ ನನ್ನ ತಮ್ಮನ ಕಾಲಿಗೆ ಚರೆ ಬೀಳುತ್ತಿರಲಿಲ್ಲ ಅನ್ನೋದು ನನ್ನ ಅನಿಸಿಕೆ.

ಮೊದಲ ದಿನಗಳ ಪಾಠ

ಮೊದಲ ಪಾಠ ಹೊಡೆಯೋದಲ್ಲ, ಹಿಡಿಯೋದು. ಬಂದೂಕು ಖಾಲಿ ಇದೆ ಅಂತ ಎಷ್ಟೇ ನಂಬಿಕೆ ಇದ್ದರೂ ತುಂಬಿದೆ ಅಂತಲೇ ತಿಳಿಯಬೇಕು. ಬಾಯಿ ಯಾವಾಗಲೂ ಗುರಿಯ ಕಡೆಗೇ. ಹೊಡೆಯುವ ಕ್ಷಣದ ತನಕ ಬೆರಳು ಟ್ರಿಗರ್ ಮೇಲೆ ಇರಕೂಡದು. ಗುರಿಯ ಹಿಂದೆ ಏನಿದೆ ಅಂತ ನೋಡದೆ ಹೊಡೆಯಕೂಡದು. ಏಣಿ, ಬೇಲಿ, ಅಟ್ಟಣೆ ಹತ್ತುವಾಗ ಇಳಿಯುವಾಗ ಬಂದೂಕು ಖಾಲಿ ಇರಬೇಕು. ಇದನ್ನು ತರಬೇತಿಯಲ್ಲಿ ಹೇಳಿದಾಗ ನಾನೂ ತಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಎರಡನೆಯದು ನಿಲುವು. ಬಲಗೈಯವರಾದರೆ ಎಡ ಮಗ್ಗುಲು ಗುರಿಯ ಕಡೆ. ಕಾಲು ಹೆಗಲಿನಷ್ಟು ಅಗಲ. ಎಡ ಮೊಣಕೈ ಸೊಂಟದ ಮೂಳೆಗೆ, ಪಕ್ಕೆಗೆ ಆನಿಸಿದರೆ ರೈಫಲಿನ ಭಾರ ಮೂಳೆಯ ಮೇಲೆ ಕೂರುತ್ತದೆ. ತೋಳಿನ ಬಲದಲ್ಲಿ ಎತ್ತಿ ಹಿಡಿದರೆ ನಾಲ್ಕೇ ಹೊಡೆತಕ್ಕೆ ನಡುಕ ಬರುತ್ತದೆ. ಮೂಟೆಯನ್ನು ಕೈಯಲ್ಲಿ ಹಿಡಿಯದೆ ಬೆನ್ನಿಗೆ ಹಾಕಿಕೊಳ್ಳೋದು ನಮಗೆ ಗೊತ್ತಲ್ಲ, ಅದೇ ಲೆಕ್ಕ.

ಮೂರನೆಯದು ಉಸಿರು. ಉಸಿರು ಎಳೆದುಕೊಂಡು ಅರ್ಧ ಬಿಟ್ಟು ನಿಲ್ಲಿಸಿ. ನಿಂತ ಆ ಏಳೆಂಟು ಸೆಕೆಂಡಿನೊಳಗೆ ಹೊಡೆತ ಆಗಬೇಕು. ಆಗಲಿಲ್ಲವೋ, ರೈಫಲ್ ಇಳಿಸಿ ಮತ್ತೆ ಮೊದಲಿನಿಂದ. ಹಠ ಹಿಡಿದು ಹೊಡೆದರೆ ಗುರಿ ತಪ್ಪುತ್ತದೆ.

ನಾಲ್ಕನೆಯದು ಟ್ರಿಗರ್. ಅದನ್ನು ಎಳೆಯಬಾರದು, ಮೆಲ್ಲಗೆ ಒತ್ತಬೇಕು. ಎಳೆಗಂದಿ ಹಸುವಿನ ಮೊಲೆಗೆ ಕೈ ಹಾಕುವ ಹಾಗೆ. ಜೋರು ಮಾಡಿದರೆ ಹಸು ಒದೆಯುತ್ತದೆ, ಇಲ್ಲಿ ಛರ್ರೆ ಪಕ್ಕಕ್ಕೆ ಹೋಗುತ್ತದೆ. ಹೊಡೆದ ಕೂಡಲೇ ಎಲ್ಲಿ ಬಿತ್ತು ಅಂತ ತಲೆ ಎತ್ತಬೇಡಿ. ಎರಡು ಎಣಿಸುವ ತನಕ ಹಾಗೇ ನಿಂತಿರಿ.

ಐದನೆಯದು, ಹತ್ತು ಅಂಕದ ಆಸೆ ಮೊದಲೇ ಬೇಡ. ಐದು ಛರ್ರೆ ಒಂದೇ ಕಡೆ ಗುಂಪಾಗಿ ಬೀಳುತ್ತವೆಯೇ ನೋಡಿ. ಗುಂಪು ಮೂಲೆಯಲ್ಲಿ ಬಿದ್ದರೂ ಚಿಂತೆ ಇಲ್ಲ, ರೈಫಲಿನ ನೋಟ ತಿರುಗಿಸಿ ನಡುವಿಗೆ ತರಬಹುದು. ಐದೂ ಐದು ಕಡೆ ಬಿದ್ದರೆ ತಪ್ಪು ನಿಲುವಿನಲ್ಲಿದೆ ಅಂತ ಅರ್ಥ, ನೋಟ ತಿರುಗಿಸಿ ಉಪಯೋಗವಿಲ್ಲ.

ಛರ್ರೆ ಸೀಸದ್ದು, ವಿಷ. ಹುಡುಗರು ಬಾಯಲ್ಲಿ ಇಟ್ಟುಕೊಳ್ಳುತ್ತಾರೆ, ಬಿಡಿಸಿ. ಮುಗಿದ ಮೇಲೆ ಕೈ ತೊಳೆದೇ ಬುತ್ತಿ ಬಿಚ್ಚಬೇಕು.

ಖರ್ಚಿನ ಮಾತು

ಮೊದಲೇ ರೈಫಲ್ ಕೊಳ್ಳಬೇಡಿ. ಪಂದ್ಯದ ವಿದೇಶಿ ರೈಫಲ್ ಲಕ್ಷದ ಮಾತು. ನಮ್ಮ ದೇಶದ ಸಾದಾ ಏರ್‌ಗನ್ ಕೆಲವು ಸಾವಿರಕ್ಕೆ ಸಿಗುತ್ತದೆ, ಕೈ ಪಳಗೋಕೆ ಅದು ಸಾಕು, ಪಂದ್ಯಕ್ಕೆ ಸಾಲದು. ಕ್ಲಬ್ಬಿನ ರೈಫಲಿನಲ್ಲೇ ಕೆಲವು ತಿಂಗಳು ಕಲಿತು ಆಸಕ್ತಿ ಉಳಿದಿದೆಯೇ ನೋಡಿ. ಸಾಲ ಮಾಡಿ ಕೊಳ್ಳೋದಂತೂ ಬೇಡವೇ ಬೇಡ. ಮನೆಯಲ್ಲಿ ಛರ್ರೆ ಇಲ್ಲದೆ ನಿಲುವು, ಉಸಿರು ಅಭ್ಯಾಸ ಮಾಡೋಕೆ ಖರ್ಚೇ ಇಲ್ಲ. ಗೋಡೆಗೆ ಒಂದು ಚುಕ್ಕೆ ಇಟ್ಟು ದಿನಕ್ಕೆ ಅರ್ಧ ಗಂಟೆ ನಿಂತರೆ ಆಯಿತು.

ವಯಸ್ಸಾಯಿತು ಅನ್ನುವವರಿಗೆ

ಉತ್ತರಪ್ರದೇಶದ ಬಾಗಪತ್ ಜಿಲ್ಲೆಯ ಜೋಹ್ರಿ ಅನ್ನುವ ಹಳ್ಳಿಯಲ್ಲಿ ಚಂದ್ರೋ ತೋಮರ್ ಅಂತ ಒಬ್ಬ ಅಜ್ಜಿ ಇದ್ದರು. ಹೊಲ, ದನ ನೋಡಿಕೊಂಡಿದ್ದವರು. 1999ರಲ್ಲಿ ಮೊಮ್ಮಗಳ ಜೊತೆಗೆ ಅಂತ ಊರಿನ ರೈಫಲ್ ಕ್ಲಬ್ಬಿಗೆ ಹೋದವರು ತಾವೇ ಪಿಸ್ತೂಲು ಹಿಡಿದರು. ಆಗ ಅವರಿಗೆ ಅರವತ್ತು ದಾಟಿತ್ತು. ಓರಗಿತ್ತಿ ಪ್ರಕಾಶಿ ತೋಮರ್ ಕೂಡ ಜೊತೆಯಾದರು. ಇಬ್ಬರೂ ಎಷ್ಟೋ ಪದಕ ಗೆದ್ದರು, 2019ರಲ್ಲಿ ಅವರ ಮೇಲೆ ಹಿಂದಿ ಸಿನಿಮಾ ಬಂತು. ಚಂದ್ರೋ ಅಜ್ಜಿ 2021ರಲ್ಲಿ ಕೊರೋನಾದಲ್ಲಿ ತೀರಿಕೊಂಡರು.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲಿನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಲಾಪುರ ಜಿಲ್ಲೆಯ ಹಳ್ಳಿಯ ಹುಡುಗ. ನಮ್ಮ ಬೆಳಗಾವಿಗೆ ನೆರೆ ಜಿಲ್ಲೆ ಅದು.

ಎಲ್ಲರಿಗೂ ಪದಕ ಬರೋದಿಲ್ಲ, ಬರಬೇಕಾಗಿಯೂ ಇಲ್ಲ. ತಮ್ಮನ ಮಗಳು ಹೋದ ತಿಂಗಳು ಐದು ಛರ್ರೆಯನ್ನು ಎಂಟಾಣೆ ನಾಣ್ಯದ ಅಗಲದಲ್ಲಿ ಕೂರಿಸಿದಳು. ಕಾಗದ ತಂದು ತೋರಿಸುವ ಮೊದಲು ರೈಫಲಿನ ಬಾಯಿ ಮುಂದಕ್ಕಿಟ್ಟು, ಖಾಲಿ ಮಾಡಿ, ಕೆಳಗಿರಿಸಿ ಬಂದಳು. ನಾನು ನೋಡಿದ್ದು ಕಾಗದವನ್ನಲ್ಲ, ಅದನ್ನು.

ನಮ್ಮ ಕೋವಿ ಈಗಲೂ ಮನೆಯಲ್ಲಿದೆ. ಮದ್ದು ಒಂದು ಕಡೆ, ಕೋವಿ ಒಂದು ಕಡೆ, ಎರಡಕ್ಕೂ ಬೀಗ. ಲೈಸೆನ್ಸಿನ ಕೋವಿ ಇರುವ ರೈತರು ಈ ಸಂಚಿಕೆ ಓದಿದ ಮೇಲೆ ಮೊದಲು ಆ ಕೆಲಸ ಮಾಡಿ. ಆಮೇಲೆ ಜಿಲ್ಲಾ ಕೇಂದ್ರಕ್ಕೆ ಹೋಗುವ ದಿನ ಎಸ್.ಪಿ. ಆಫೀಸಿಗೂ ಒಂದು ಹೆಜ್ಜೆ ಹಾಕಿ, ಮುಂದಿನ ತರಬೇತಿ ಯಾವಾಗ ಅಂತ ಕೇಳಿಕೊಂಡು ಬನ್ನಿ.